ರಫ್‌ಗೆ ಇರಲಿ

ಗೋಪಿನಾಥರ ಮನೆಯಲ್ಲಿ ಎರಡು ಗಿಟಾರುಗಳಿದ್ದವು. ಒಂದನ್ನು ಯಾರೂ ಮುಟ್ಟಬಾರದು, ಇನ್ನೊಂದನ್ನು ಯಾರು ಬೇಕಾದರೂ ಮುಟ್ಟಬಹುದು. ದುಬಾರಿಯದು ಬೀರುವಿನ ಮೇಲೆ, ಪೆಟ್ಟಿಗೆಯೊಳಗೆ, ಹಳೆಯ ಹೊದಿಕೆ ಸುತ್ತಿಕೊಂಡು ಮಲಗಿರುತ್ತಿತ್ತು. ಅಗ್ಗದ್ದು ದಿವಾನ್ ಮಂಚದ ಪಕ್ಕ ಗೋಡೆಗೆ ಒರಗಿಕೊಂಡು ನಿಂತಿರುತ್ತಿತ್ತು. ಅದರ ಮೇಲೆ ಒಮ್ಮೊಮ್ಮೆ ಒದ್ದೆ ಟವೆಲ್ ಕೂಡ ಬೀಳುತ್ತಿತ್ತು. ದುಬಾರಿಯದು ಬಂದ ಮೇಲೆ ಅಗ್ಗದ್ದು ಯಾಕೆ ಬೇಕು ಅನ್ನುವ ಪ್ರಶ್ನೆ ಪ್ರತಿ ದೀಪಾವಳಿಯ ಮನೆ ಸ್ವಚ್ಛತೆಯಲ್ಲೂ ಏಳುತ್ತಿತ್ತು. ಏಳಿಸುತ್ತಿದ್ದವರು ಗೋಪಿನಾಥರು, ಕೂರಿಸುತ್ತಿದ್ದವರು ಅವರ ಹೆಂಡತಿ ವಸಂತಿ.

ಗೋಪಿನಾಥರು ಯಾರು ಅಂತ ಕೇಳಿದರೆ ಹೇಳುವುದಕ್ಕೆ ಬಹಳವೇನಿಲ್ಲ. ಚಿತ್ರದುರ್ಗದವರು. ಎಪ್ಪತ್ತಮೂರರಲ್ಲಿ ಕೇಂದ್ರ ಸರ್ಕಾರದ ಗುಮಾಸ್ತರಾಗಿ ದೆಹಲಿಗೆ ಬಂದರು. ಮೂವತ್ತೈದು ವರ್ಷ ಒಂದೇ ಮಂತ್ರಾಲಯದಲ್ಲಿ ಮೇಜು ಬದಲಾಯಿಸುತ್ತ ಬದಲಾಯಿಸುತ್ತ ಸೆಕ್ಷನ್ ಆಫೀಸರ್ ಆಗಿ ನಿವೃತ್ತರಾದರು. ಮದುವೆಗೆ ಮುಂಚೆ ಕರೋಲ್ ಬಾಗ್‌ನಲ್ಲಿ ಇನ್ನಿಬ್ಬರು ಕನ್ನಡದ ಹುಡುಗರ ಜೊತೆ ಒಂದು ಕೋಣೆಯಲ್ಲಿದ್ದರು. ಕೋಣೆಯ ಕೆಳಗೇ ಹಾರ್ಮೋನಿಯಂ, ತಬಲಾ ಮಾರುವ ಅಂಗಡಿ. ಅಲ್ಲಿ ಯಾರೂ ಕೇಳದೆ ಧೂಳು ತಿನ್ನುತ್ತಿದ್ದ ಒಂದು ಗಿಟಾರನ್ನು ಅಂಗಡಿಯವನು ಇವರ ತಲೆಗೆ ಕಟ್ಟಿದ. ಅಂಚಿಗೆ ಕಪ್ಪು, ನಡುವೆ ಜೇನಿನ ಬಣ್ಣ, ಮೈಯೆಲ್ಲ ಪ್ಲೈವುಡ್. ಅದೇ ನಾನು ಹೇಳಿದ ಅಗ್ಗದ್ದು.

ಅದನ್ನಿಟ್ಟುಕೊಂಡೇ ಅವರು ಕನ್ನಡ ಸಂಘದಲ್ಲಿ ಗಿಟಾರ್ ಗೋಪಿ ಅನ್ನಿಸಿಕೊಂಡರು. ಬರುತ್ತಿದ್ದದ್ದು ಎರಡು ಮೂರು ತಂತಿ ಒಟ್ಟಿಗೆ ಒತ್ತುವ ಐದಾರು ಕಾರ್ಡುಗಳು, ಅಷ್ಟೆ. ಆದರೆ ಹಾಡುವವರಿಗಿಂತ ಮೊದಲು ಇವರೇ ಕಣ್ಣು ಮುಚ್ಚಿಕೊಂಡು ತಲೆದೂಗುತ್ತಿದ್ದದ್ದರಿಂದ ಜನಕ್ಕೆ ದೊಡ್ಡ ವಿದ್ವಾಂಸರ ಹಾಗೆ ಕಾಣುತ್ತಿದ್ದರು. ಸಂಘದ ಮಕ್ಕಳ ಕನ್ನಡ ತಿದ್ದುವುದರಲ್ಲೂ ಇವರದೇ ಮೇಲುಗೈ. ಯಾವುದಾದರೂ ಮಗು ‘ಹಾಲು’ ಅನ್ನುವುದಕ್ಕೆ ‘ಆಲು’ ಅಂದರೆ ಸಾಕು, ಗಿಟಾರ್ ನಿಲ್ಲಿಸಿ ಮೂರು ಸಲ ಹೇಳಿಸುತ್ತಿದ್ದರು.

ಎರಡು ಸಾವಿರದ ಒಂದರಲ್ಲಿ ಅವರು ಬಹಳ ದಿನದ ಆಸೆ ತೀರಿಸಿಕೊಂಡರು. ಅದೇ ಕರೋಲ್ ಬಾಗ್‌ನಿಂದ ಅಪ್ಪಟ ಮರದ, ಹೊರದೇಶದ ಗಿಟಾರ್ ಮನೆಗೆ ಬಂತು. ಮೇ ತಿಂಗಳ ಬಿಸಿಗಾಳಿಗೆ ಒಳ್ಳೆಯ ಮರ ಸೀಳುತ್ತದೆ, ಕೂಲರಿನ ತೇವಕ್ಕೆ ಉಬ್ಬುತ್ತದೆ ಅಂತ ಅಂಗಡಿಯವನು ಹೆದರಿಸಿ ಕಳಿಸಿದ್ದ. ಹೆದರುವುದಕ್ಕೆ ಗೋಪಿನಾಥರಿಗೆ ಅಷ್ಟು ಸಾಕಾಗಿತ್ತು. ಭಾನುವಾರ ಬೆಳಗ್ಗೆ ಸೋಪು ಹಾಕಿ ಕೈ ತೊಳೆದು, ಪೆಟ್ಟಿಗೆ ಇಳಿಸಿ, ಅರ್ಧ ಗಂಟೆ ನುಡಿಸಿ, ಒರೆಸಿ, ಮತ್ತೆ ಮೇಲೇರಿಸುತ್ತಿದ್ದರು. ದೇವರ ಪೂಜೆಗೂ ಅಷ್ಟು ಮಡಿ ಇರಲಿಲ್ಲ.

ಹಳೆಯದನ್ನು ಯಾರಿಗಾದರೂ ಕೊಟ್ಟುಬಿಡೋಣ ಅಂತ ಅವರು ಆ ವಾರವೇ ಅಂದರು. ವಸಂತಿ ಅಡುಗೆಮನೆಯಿಂದಲೇ ಹೇಳಿದರು: “ಇರ್ಲಿ ಬಿಡ್ರೀ. ರಫ್‌ಗೆ ಆಗತ್ತೆ.”

ಈ ‘ರಫ್’ ಅನ್ನುವುದು ಆ ಮನೆಯಲ್ಲಿ ದೊಡ್ಡ ಮಾತು. ತಿಪಟೂರಿನಿಂದ ಮದುವೆಯಾಗಿ ಬಂದ ವಸಂತಿ ಈ ಎರಡು ಕೋಣೆಯ ಲೋಧಿ ಕಾಲೋನಿ ಕ್ವಾರ್ಟರ್ಸಿನಲ್ಲಿ ಎಲ್ಲವನ್ನೂ ಎರಡು ಪಾಲು ಮಾಡಿ ಇಟ್ಟಿದ್ದರು. ಒಳ್ಳೆಯ ಸೀರೆ ಟ್ರಂಕಿನಲ್ಲಿ, ರಫ್ ಸೀರೆ ಮೈಮೇಲೆ. ಒಳ್ಳೆಯ ಲೋಟ ಅಟ್ಟದ ಮೇಲೆ, ಸೊಟ್ಟಗಾದದ್ದು ಕೈಯಲ್ಲಿ. ಮಗಳು ಲಾವಣ್ಯಾಳ ರಫ್ ನೋಟ್‌ಬುಕ್ಕಿನಲ್ಲಿ ಉಳಿದ ಹಾಳೆಗಳಲ್ಲೇ ತರಕಾರಿ ಚೀಟಿ. ಗಂಡನಿಗೆ, ಮಗಳಿಗೆ, ಬರುವ ಹೋಗುವವರಿಗೆ ಒಳ್ಳೆಯದು; ತನಗೆ ರಫ್. ಯಾರೂ ಹಾಗೆ ಇರು ಅಂದಿರಲಿಲ್ಲ, ಬೇಡ ಅಂದವರೂ ಇರಲಿಲ್ಲ.

ಹೀಗೆ ಹಳೆಯ ಗಿಟಾರ್ ಉಳಿಯಿತು. ಸಂಘದ ರಿಹರ್ಸಲ್‌ಗೆ, ಪಿಕ್ನಿಕ್ಕಿಗೆ, ಊರಿಗೆ ಹೋಗುವ ರೈಲಿಗೆ ಅದೇ. ಹೋಳಿಯ ದಿನ ಪಕ್ಕದ ಮನೆಯ ಮಕ್ಕಳು ಬಣ್ಣದ ಕೈಯಲ್ಲೇ ಅದನ್ನು ಬಾರಿಸಿದರೂ ಯಾರೂ ಗದರಲಿಲ್ಲ.

ಒಂದು ದಿನ ಯಾರೋ ದೊಡ್ಡವರು ತೀರಿಕೊಂಡರು ಅಂತ ಆಫೀಸಿಗೆ ಮಧ್ಯಾಹ್ನವೇ ರಜೆ ಕೊಟ್ಟರು. ಗೋಪಿನಾಥರು ಮೆಟ್ಟಿಲು ಹತ್ತುತ್ತಿರುವಾಗ ಒಳಗಿನಿಂದ ಸರಳೆ ವರಸೆ ಕೇಳಿಸಿತು. ಒಂದೇ ತಂತಿಯ ಮೇಲೆ, ನಿಧಾನವಾಗಿ, ಎಲ್ಲಿ ತಪ್ಪಿತೋ ಅಲ್ಲಿಂದ ಮತ್ತೆ ಶುರು. ಬಾಗಿಲು ತಳ್ಳಿ ನೋಡಿದರೆ ವಸಂತಿ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿಕೊಂಡು, ಗಿಟಾರನ್ನು ವೀಣೆಯ ಹಾಗೆ ತೊಡೆಯ ಮೇಲೆ ಅಡ್ಡ ಮಲಗಿಸಿಕೊಂಡು ನುಡಿಸುತ್ತಿದ್ದಾರೆ. ಚಿಕ್ಕವರಿದ್ದಾಗ ಎರಡು ವರ್ಷ ಪಾಠಕ್ಕೆ ಹೋಗಿದ್ದರಂತೆ. ಹಾಗಂತ ಗಂಡನಿಗೆ ಯಾವತ್ತೂ ಹೇಳಿರಲಿಲ್ಲ. ಸ್ವರದ ಜಾಗ ಮರೆಯದಿರಲಿ ಅಂತ ಗಿಟಾರಿನ ಕುತ್ತಿಗೆಯ ಮೇಲೆ ತಮ್ಮ ಹಣೆಗಿಡುವ ಅಂಟುಬೊಟ್ಟುಗಳನ್ನು ಅಂಟಿಸಿದ್ದರು. ಷಡ್ಜಕ್ಕೆ ದೊಡ್ಡ ಕೆಂಪು, ಉಳಿದದ್ದಕ್ಕೆಲ್ಲ ಸಣ್ಣವು.

ಗೋಪಿನಾಥರು ಹೊಟ್ಟೆ ಹಿಡಿದುಕೊಂಡು ನಕ್ಕರು. ಗಿಟಾರಿಗೆ ಬೊಟ್ಟಿಟ್ಟ ಮುತ್ತೈದೆ ಅಂತ ಸಂಘದಲ್ಲೆಲ್ಲ ಹೇಳಿಕೊಂಡು ಬಂದರು. ವಸಂತಿಯೂ ನಕ್ಕರು, ಆದರೆ ನುಡಿಸುವುದು ಬಿಡಲಿಲ್ಲ. ದಿನಾ ಮಧ್ಯಾಹ್ನ ಪಾತ್ರೆ ತೊಳೆದಾದ ಮೇಲೆ ಒಂದು ಗಂಟೆ. ವರಸೆ ಮುಗಿದು ದೇವರನಾಮಕ್ಕೆ ಬಂದರು. ಬೆರಳು ಓಡುವ ದಾರಿಯಲ್ಲಿ ಮರದ ಬಣ್ಣ ಸವೆಯಿತು.

ಒಂದು ಭಾನುವಾರ ಗೋಪಿನಾಥರು ಒಳ್ಳೆಯ ಗಿಟಾರನ್ನು ಒರೆಸುತ್ತಿರುವಾಗ ವಸಂತಿ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದು ನಿಂತರು. ಒಂದು ಸಲ ಅದರ ಮೇಲೆ ನುಡಿಸಿ ನೋಡಲೇ ಅಂತ ಕೇಳಿದರು. ಇಪ್ಪತ್ತು ವರ್ಷದ ಸಂಸಾರದಲ್ಲಿ ಆಕೆ ತನಗೆ ಅಂತ ಕೇಳಿದ್ದು ಎಷ್ಟು ಸಲ ಅಂತ ಎಣಿಸಿದರೆ ಒಂದು ಕೈಯ ಬೆರಳು ಹೆಚ್ಚಾದಾವು.

“ನಿನ್ನ ಕೈಲಿ ಒಗ್ಗರಣೆ ಎಣ್ಣೆ ಇರತ್ತೆ ವಸಂತಿ,” ಅಂದರು ಗೋಪಿನಾಥರು. “ನಿಂಗೆ ಅದೇ ಸಾಕು.”

“ಸರಿ ಬಿಡಿ. ನಾನೂ ರಫ್, ಅದೂ ರಫ್,” ಅಂತ ತಮಾಷೆ ಮಾಡಿ ವಸಂತಿ ಒಳಗೆ ಹೋದರು. ಸಾರಿಗೆ ಒಗ್ಗರಣೆ ಬಿದ್ದ ಸದ್ದಾಯಿತು. ಈ ಮಹಾರಾಯರಿಗೆ ಆಗ ಏನೂ ಅನ್ನಿಸಲಿಲ್ಲ. ಅನ್ನಿಸಬೇಕಾಗಿತ್ತು.

ಎರಡು ಸಾವಿರದ ಆರರಲ್ಲಿ, ಮಳೆಗಾಲ ಮುಗಿಯುವ ಹೊತ್ತಿಗೆ, ಊರೆಲ್ಲ ಡೆಂಗಿ ಜ್ವರ. ವಸಂತಿಗೂ ಬಂತು. ಮೂರು ದಿನ ಮನೆಯಲ್ಲಿ, ಆರು ದಿನ ಆಸ್ಪತ್ರೆಯಲ್ಲಿ. ಒಂಬತ್ತನೆಯ ದಿನ ಹೋಗಿಬಿಟ್ಟರು. ನಲವತ್ತೇಳು ವರ್ಷ. ಟ್ರಂಕಿನಲ್ಲಿದ್ದ ಒಳ್ಳೆಯ ಸೀರೆಗಳಲ್ಲಿ ಮಡಿಕೆ ಬಿಚ್ಚದವೇ ಏಳು ಸಿಕ್ಕವು.

ಕಾರ್ಯವೆಲ್ಲ ತಿಪಟೂರಿನಲ್ಲಿ, ವಸಂತಿಯ ಅಕ್ಕ ಅಹಲ್ಯಾ ಅವರ ಮನೆಯಲ್ಲಿ ನಡೆಯಿತು. ಲಾವಣ್ಯಾಗೆ ಆಗ ಇಪ್ಪತ್ತೆರಡು, ಗುರ್‌ಗಾಂವ್‌ನ ಒಂದು ಕಂಪನಿಯಲ್ಲಿ ಹೊಸ ಕೆಲಸ. ದೆಹಲಿಯಲ್ಲೇ ಹುಟ್ಟಿ ಬೆಳೆದ ಹುಡುಗಿ. ಕನ್ನಡ ಕಿವಿಗೆ ಬೀಳುತ್ತಿತ್ತು, ಬಾಯಿಗೆ ಬರುವಾಗ ಅರ್ಧ ಹಿಂದಿಯಾಗಿರುತ್ತಿತ್ತು. ಅಳುತ್ತ ಕೂತವಳು ದೊಡ್ಡಮ್ಮನಿಗೆ ಏನೋ ಹೇಳಲು ಹೋಗಿ ತಡವರಿಸಿದಳು. ಅಹಲ್ಯಾ ಸಂಕಟದಲ್ಲಿದ್ದರು, ಬಾಯಿಗೆ ಬಂದದ್ದು ಅಂದುಬಿಟ್ಟರು: ತಾಯಿಯ ಮಾತೇ ನೆಟ್ಟಗೆ ಬರಲ್ಲ, ಇಷ್ಟು ವರ್ಷ ತಾಯಿ ಹತ್ತಿರ ಏನು ಮಾತಾಡಿದೆಯೋ. ಅಲ್ಲಿಂದ ಬಂದ ಮೇಲೆ ಲಾವಣ್ಯಾ ಒಂದು ವರ್ಷ ಕನ್ನಡದ ಒಂದು ಅಕ್ಷರ ಆಡಲಿಲ್ಲ. ಅಪ್ಪ ಕನ್ನಡದಲ್ಲಿ ಕೇಳಿದರೆ ಹಿಂದಿಯಲ್ಲಿ ಉತ್ತರ.

ಆಮೇಲೆ ಒಂದು ಬೆಳಗ್ಗೆ ಆಫೀಸಿನ ಕ್ಯಾಬಿಗೆ ಕಾಯುತ್ತ ನಿಂತವಳು ತಾನಾಗಿಯೇ ಕನ್ನಡದಲ್ಲಿ ಕೇಳಿದಳು: “ಅಪ್ಪಾ, ಹೊಟ್ಟೆಗೆ ಹಾಕ್ಕೋ ಅಂದ್ರೆ ಊಟ ಮಾಡು ಅಂತ ಅಲ್ವಾ?”

ಯಾಕೆ ಅಂತ ಗೋಪಿನಾಥರು ವಿಚಾರಿಸಿದರು. ಆಸ್ಪತ್ರೆಯಲ್ಲಿ, ಕೊನೆಯ ದಿನದ ಹಿಂದಿನ ದಿನ, ಅಮ್ಮ ಅವಳ ಕೈ ಹಿಡಿದುಕೊಂಡು ‘ಏನಾದ್ರೂ ತಪ್ಪಾಗಿದ್ರೆ ಹೊಟ್ಟೆಗೆ ಹಾಕ್ಕೋ ಪುಟ್ಟಿ’ ಅಂದಿದ್ದರಂತೆ. ಇವಳು ‘ಹಾಂ ಅಮ್ಮಾ, ತಿಂದೆ, ಕ್ಯಾಂಟೀನಲ್ಲಿ ತಿಂದೆ’ ಅಂದಳಂತೆ. ಅಮ್ಮ ಸುಮ್ಮನೆ ನಕ್ಕರಂತೆ. ಆಮೇಲೆ ಆಕೆಗೆ ಮಾತಾಡುವ ಶಕ್ತಿ ಇರಲಿಲ್ಲ.

ಗೋಪಿನಾಥರು ಏನಾದರೂ ಹೇಳಿ ತಪ್ಪಿಸಿಕೊಳ್ಳಬಹುದಿತ್ತು. ಆದರೆ ತಿದ್ದುವುದು ಅವರ ಚಟ. ಹಾಗಲ್ಲ, ಕ್ಷಮಿಸಿಬಿಡು, ಮನಸ್ಸಿನಲ್ಲಿಟ್ಟುಕೊಳ್ಳಬೇಡ ಅಂತ ಅದರರ್ಥ ಅಂದರು. ಲಾವಣ್ಯಾ ಕ್ಯಾಬ್ ಹತ್ತಲಿಲ್ಲ. ಮೂರು ದಿನ ಆಫೀಸಿಗೆ ಹೋಗಲಿಲ್ಲ. ಮಲಗಿದ್ದಲ್ಲಿಂದ ಒಂದೇ ಪ್ರಶ್ನೆ: “ಇನ್ನೂ ಏನೇನು ಹೇಳಿದ್ರು ಅಪ್ಪಾ? ನಂಗೆ ಇನ್ನೂ ಏನೇನು ಅರ್ಥ ಆಗಿಲ್ಲ?” ಹುಡುಗಿ ಎಲ್ಲಿ ಕೈತಪ್ಪಿ ಹೋಗುತ್ತಾಳೋ ಅಂತ ಗೋಪಿನಾಥರ ಜೀವ ಬಾಯಿಗೆ ಬಂದಿತ್ತು. ನಾಲಿಗೆ ಯಾಕಾದರೂ ಹೊರಳಿತೋ ಅಂತ ತಮ್ಮನ್ನೇ ತಾವು ಬೈದುಕೊಂಡರು.

ನಿಧಾನವಾಗಿ ಅವಳು ಎದ್ದು ಕೂತಳು. ದಿನಕ್ಕೆ ಒಂದು ಗಂಟೆ ಅಪ್ಪನ ಜೊತೆ ಕನ್ನಡದಲ್ಲೇ ಮಾತಾಡುವುದು ಅಂತ ತನಗೆ ತಾನೇ ನಿಯಮ ಹಾಕಿಕೊಂಡಳು. ಅಮ್ಮ ಹೇಳುತ್ತಿದ್ದ ಮಾತುಗಳನ್ನು ಒಂದೊಂದಾಗಿ ನೆನಪಿಸಿಕೊಂಡು, ಇದಕ್ಕೆ ಇದೇ ಅರ್ಥ ತಾನೆ ಅಂತ ಕೇಳಿ ಖಾತ್ರಿ ಮಾಡಿಕೊಳ್ಳುತ್ತಿದ್ದಳು. ಸರಿಯಾಗಿದ್ದರೆ ಅವಳ ಮುಖ ಅರಳುತ್ತಿತ್ತು. ಅಮ್ಮ ಅಷ್ಟು ಅವಳಿಗೆ ವಾಪಸ್ ಸಿಕ್ಕ ಹಾಗೆ.

ಇತ್ತ ಗೋಪಿನಾಥರದು ಬೇರೆಯೇ ಕಥೆ. ಒಳ್ಳೆಯ ಗಿಟಾರಿನ ಪೆಟ್ಟಿಗೆ ತೆರೆದರೆ ‘ನಿಂಗೆ ಅದೇ ಸಾಕು’ ಅಂದ ತಮ್ಮ ದನಿಯೇ ಕೇಳಿಸುತ್ತಿತ್ತು. ಅದರ ಮೇಲೆ ಒಂದು ಗೀರಿಲ್ಲ, ಒಂದು ಕಲೆಯಿಲ್ಲ. ಆಕೆಯದು ಅಂತ ಅದರಲ್ಲಿ ಏನೂ ಇಲ್ಲ. ಎರಡನೆಯ ವರ್ಷ ಅದನ್ನು ಪೆಟ್ಟಿಗೆ ಸಮೇತ ಸಂಘಕ್ಕೆ ಕೊಟ್ಟು ಕೈ ತೊಳೆದುಕೊಂಡರು. ರಫ್ ಗಿಟಾರ್ ಮಂಚದ ಕೆಳಗೆ ಉಳಿಯಿತು. ಸಂಜೆ ಆಫೀಸಿನಿಂದ ಬಂದವರು, ಮಗಳು ಬರುವುದರೊಳಗೆ ಅದನ್ನು ಹೊರಗೆಳೆದು, ವಸಂತಿಯ ಹಾಗೆ ತೊಡೆಯ ಮೇಲೆ ಅಡ್ಡ ಮಲಗಿಸಿಕೊಂಡು, ಒಂದೊಂದೇ ಬೊಟ್ಟಿನ ಮೇಲೆ ಬೆರಳಿಡುತ್ತ ಹೋಗುತ್ತಿದ್ದರು. ಸವೆದ ಜಾಗದಲ್ಲಿ ಆಕೆಯ ಬೆರಳು ಎಲ್ಲಿ ಒತ್ತುತ್ತಿತ್ತು ಅಂತ ತಿಳಿಯುತ್ತಿತ್ತು. ದಿನದಲ್ಲಿ ಅದೊಂದು ಹೊತ್ತು ಅವರು ಹೆಂಡತಿಯ ಹತ್ತಿರ ಕೂತಿರುತ್ತಿದ್ದರು. ಇದನ್ನು ಯಾರಿಗೆ ಹೇಳುವುದು? ಮಗಳು ಬಂದ ಸದ್ದಾದರೆ ಕಾಲಿನಿಂದ ಅದನ್ನು ಮಂಚದ ಕೆಳಗೆ ತಳ್ಳಿಬಿಡುತ್ತಿದ್ದರು. ಲಾವಣ್ಯಾ ಒಂದೆರಡು ಸಲ ಹಾಗೆ ತಳ್ಳುವುದನ್ನು ನೋಡಿದಳು. ಅಪ್ಪನಿಗೆ ಅದು ಕಣ್ಣೆದುರು ಇರುವುದೇ ಹಿಂಸೆ ಅಂತ ತಿಳಿದುಕೊಂಡಳು. ಇಬ್ಬರೂ ಬಾಯಿ ಬಿಡಲಿಲ್ಲ.

ಎರಡು ಸಾವಿರದ ಎಂಟರ ಜುಲೈಗೆ ಗೋಪಿನಾಥರು ನಿವೃತ್ತರಾದರು. ನವೆಂಬರಿನ ಕೊನೆಯೊಳಗೆ ಕ್ವಾರ್ಟರ್ಸ್ ಬಿಟ್ಟುಕೊಡಬೇಕು. ದ್ವಾರಕಾದಲ್ಲಿ ಒಂದು ಬಾಡಿಗೆ ಮನೆ ನೋಡಿದರು. ಖಾಲಿ ಮಾಡುವ ದಿನ ಲಾವಣ್ಯಾ ರಜೆ ಹಾಕಿ, ತಲೆಗೆ ದುಪಟ್ಟಾ ಸುತ್ತಿಕೊಂಡು ಸಾಮಾನು ವಿಂಗಡಿಸಲು ನಿಂತಳು. ಬೇಕಾದದ್ದು ಒಳಕೋಣೆಗೆ, ಬೇಡದ್ದು ವರಾಂಡಕ್ಕೆ. ಬೆಳಗ್ಗೆಯಿಂದ ಪ್ಯಾಕಿಂಗ್‌ನವರಿಗೆ ಅವಳು ಹೇಳುತ್ತಿದ್ದದ್ದು ಒಂದೇ ಮಾತು: ನಿಕಾಲ್ ಕೇ ರಖ್ ದೋ ಭಯ್ಯಾ, ನಿಕಾಲ್ ಕೇ ರಖ್ ದೋ. ಎತ್ತಿ ಹೊರಗಿಡಿ ಅಂತ. ಹನ್ನೊಂದು ಗಂಟೆಗೆ ಹಳೇ ಸಾಮಾನು ಕೊಳ್ಳುವ ಕಬಾಡಿಯವನು ಬರುವವನಿದ್ದ.

ಗೋಪಿನಾಥರು ಕ್ವಾರ್ಟರ್ಸಿನ ಕಾಗದಕ್ಕೆ ರುಜು ಹಾಕಿಸಿಕೊಳ್ಳಲು ಆಫೀಸಿನ ಸಾಲಿನಲ್ಲಿ ನಿಂತಿದ್ದರು. ಇದ್ದಕ್ಕಿದ್ದಂತೆ ಗಿಟಾರ್ ನೆನಪಾಯಿತು. ಗಡಿಬಿಡಿಯಲ್ಲಿ ಯಾರಾದರೂ ಅದನ್ನು ಬೇಡದ ಸಾಮಾನಿಗೆ ಸೇರಿಸಿಬಿಟ್ಟರೆ? ಮೊಬೈಲ್ ತೆಗೆದು ಮಗಳಿಗೆ ಫೋನ್ ಮಾಡಿದರು. ಸುತ್ತ ಗಲಾಟೆ, ಹಿಂದಿನವನು ತಳ್ಳುತ್ತಿದ್ದಾನೆ.

“ಪುಟ್ಟಿ, ನನ್ನ ಮಂಚದ ಕೆಳಗೆ ಆ ರಫ್ ಗಿಟಾರ್ ಇದೆಯಲ್ಲ. ಕಬಾಡಿಯವನು ಬರೋದ್ರೊಳಗೆ ಅದನ್ನ ತೆಗೆದಿಡು. ಮರೀಬೇಡ.”

“ಓಕೆ ಅಪ್ಪಾ. ತೆಗೆದಿಡ್ತೀನಿ.”

ಗೋಪಿನಾಥರಿಗೆ ನೆಮ್ಮದಿಯಾಯಿತು. ನಮ್ಮಲ್ಲಿ ತೆಗೆದಿಡು ಅಂದರೆ ಜೋಪಾನ ಮಾಡು ಅಂತ. ಹಬ್ಬಕ್ಕೆ ಸೀರೆ ತೆಗೆದಿಡುತ್ತೇವೆ, ತಡವಾಗಿ ಬರುವವರಿಗೆ ಊಟ ತೆಗೆದಿಡುತ್ತೇವೆ. ಬೆಳಗ್ಗೆಯಿಂದ ಹಿಂದಿಯಲ್ಲೇ ಮುಳುಗಿದ್ದ ಆ ಹುಡುಗಿಯ ಕಿವಿಯೊಳಗೆ ಅದೇ ಮಾತು ಹೇಗೆ ಇಳಿಯಿತು ಅಂತ ಫೋನಿನ ಈಚೆ ಇದ್ದವರಿಗೆ ತಿಳಿಯುವುದಾದರೂ ಹೇಗೆ?

ಒಂದೂವರೆಗೆ ಅವರು ಮನೆಗೆ ಬಂದರು. ವರಾಂಡ ಗುಡಿಸಿ ಚೊಕ್ಕಟವಾಗಿತ್ತು. ಮಂಚ ಬಿಚ್ಚಿ ಗೋಡೆಗೆ ಒರಗಿಸಿದ್ದರು. ಒಳಕೋಣೆಯ ಸಾಮಾನಿನ ಮೇಲೆ ಒಂದು ಸಲ ಕಣ್ಣಾಡಿಸಿ, ಗಿಟಾರ್ ಎಲ್ಲಿಟ್ಟೆ ಅಂತ ಕೇಳಿದರು.

“ನೀವು ಹೇಳಿದ್ರಲ್ಲ ಅಪ್ಪಾ, ತೆಗೆದಿಟ್ಟೆ. ಕಬಾಡಿ ಭಯ್ಯಾ ತಗೊಂಡು ಹೋದ.”

ಅರ್ಥವಾಗುವುದಕ್ಕೆ ಒಂದು ಗಳಿಗೆಯೂ ಹಿಡಿಯಲಿಲ್ಲ. ನಿಕಾಲ್ ಕೇ ರಖ್ ದೋ. ತೆಗೆದು, ಇಡು. ಗೋಪಿನಾಥರು ಹೂಂ ಅಂದರು. ಹಾಲು ತರುತ್ತೇನೆ ಅಂತ ಹೇಳಿ ಚಪ್ಪಲಿ ಮೆಟ್ಟಿಕೊಂಡರು. ಅರವತ್ತು ವರ್ಷದ ಮನುಷ್ಯ, ಕಾಲೋನಿಯ ಬೇವಿನ ಮರಗಳ ಕೆಳಗೆ ಅಕ್ಷರಶಃ ಓಡಿದರು.

ಕಬಾಡಿಯವನ ಗುಡಿಸಲು ರಸ್ತೆಯಾಚೆ, ಕೋಟ್ಲಾದ ಒಂದು ಗಲ್ಲಿಯ ಕೊನೆಯಲ್ಲಿತ್ತು. ಅವನು ತಕ್ಕಡಿಯ ಪಕ್ಕ ಕೂತು ಊಟ ಮಾಡುತ್ತಿದ್ದ. ಗಿಟಾರ್ ಅಂದ ಕೂಡಲೇ ಅವನಿಗೆ ನೆನಪಾಯಿತು. ಹಳೆಯ ಸ್ಟೂಲು, ಮುರಿದ ಕುರ್ಚಿ, ಅದು, ಎಲ್ಲ ಮರದ ಸಾಮಾನನ್ನೂ ತಂದೂರಿನವನು ಒಟ್ಟಿಗೆ ಒಯ್ದನಂತೆ. ಚಳಿಗಾಲ ಬಂತಲ್ಲ, ಸೌದೆ ಬೇಕು. ಹೊರೆಯೊಳಗೆ ಸರಿಯಾಗಿ ಕೂರಲಿಲ್ಲ ಅಂತ ಗಿಟಾರಿನ ಕುತ್ತಿಗೆ ಮುರಿದು ಕಟ್ಟಿದರಂತೆ; ಇಷ್ಟು ಹೊತ್ತಿಗೆ ಒಲೆಗೂ ಬಿದ್ದಿರುತ್ತೆ ಅಂದ. ಬಾಬೂಜಿಯ ಮುಖ ನೋಡಿ ಅವನೂ ಪೆಚ್ಚಾದ. ಎಡಗೈ ಚಾಚಿ, ಸುರುಳಿ ಸುತ್ತಿಟ್ಟಿದ್ದ ತಂತಿಗಳನ್ನು ಇವರ ಮುಂದೆ ಹಿಡಿದ. ಗೋಪಿನಾಥರು ತೆಗೆದುಕೊಳ್ಳಲಿಲ್ಲ. ಆ ತಂತಿ ಹೋದ ವರ್ಷ ಅವರೇ ಹೊಸದಾಗಿ ಹಾಕಿದ್ದು; ವಸಂತಿಯ ಬೆರಳು ಇದ್ದದ್ದು ಮರದ ಮೇಲೆ.

ಗಲ್ಲಿಯಲ್ಲಿ ಒಂದು ಗೋಡೆ ಹಿಡಿದುಕೊಂಡು ನಿಂತು ಅವರು ಅತ್ತರು. ಹೆಂಡತಿ ಹೋದಾಗ ಬಂದವರನ್ನು ಸಂಭಾಳಿಸುವುದರಲ್ಲಿ ಅಳುವುದಕ್ಕೆ ಆಗಿರಲಿಲ್ಲ. ಹೋಗುವವರು ಬರುವವರು ನೋಡಿಕೊಂಡು ಹೋದರು. ಆಮೇಲೆ ಪೈಪಿನ ನೀರಿನಲ್ಲಿ ಮುಖ ತೊಳೆದು, ಒಂದು ಪ್ಯಾಕೆಟ್ ಹಾಲು ಕೊಂಡು ಮನೆಗೆ ಬಂದರು.

ಲಾವಣ್ಯಾ ಖಾಲಿ ಕೋಣೆಯಲ್ಲಿ ಟ್ರಂಕಿನ ಮೇಲೆ ಕೂತಿದ್ದಳು. ಅಪ್ಪ ಹೊರಗೆ ಹೋದ ರೀತಿ ಅವಳಿಗೆ ಏನೋ ಹೇಳಿತ್ತು. ದುಪಟ್ಟಾದ ತುದಿಯನ್ನು ಬೆರಳಿಗೆ ಸುತ್ತುತ್ತ, ಬಿಚ್ಚುತ್ತ, ಒಂದೊಂದೇ ಮಾತು ಹುಡುಕಿ ಕನ್ನಡದಲ್ಲೇ ಕೇಳಿದಳು.

“ಅಪ್ಪಾ, ನಾನು ಗಲತ್ ಮಾಡಿದ್ನಾ? ನೀವು ಕೊಟ್ಟುಬಿಡು ಅಂತ ತಾನೇ ಹೇಳಿದ್ದು? ನಂಗೆ ಕೊಡೋಕೆ ಇಷ್ಟಾನೇ ಇರ್ಲಿಲ್ಲ. ಅದರಲ್ಲಿ ಅಮ್ಮನ ಬಿಂದಿ ಇತ್ತು. ನಾನು ಇಟ್ಕೋತೀನಿ ಅಂತ ಕೇಳೋಣ ಅನ್ಕೊಂಡೆ. ಬಟ್ ನಿಮಗೆ ಅದನ್ನ ನೋಡಿದ್ರೆ ಕಷ್ಟ ಆಗತ್ತೆ ಅಂತ...” ಅವಳು ದುಪಟ್ಟಾದಿಂದ ಕಣ್ಣೊರೆಸಿಕೊಂಡಳು. “ತೆಗೆದಿಡು ಅಂದ್ರೆ ಅದೇ ಅಲ್ವಾ ಅಪ್ಪಾ? ನಂಗೆ ಸರಿಯಾಗಿ ಅರ್ಥ ಆಯ್ತಲ್ವಾ?”

ಗೋಪಿನಾಥರು ಹಾಲಿನ ಪ್ಯಾಕೆಟ್ ಕೆಳಗಿಟ್ಟರು. ಬೇಕು ಅನ್ನುವವರು ಇಬ್ಬರಿದ್ದೂ ಅದು ತಂದೂರಿಗೆ ಹೋಗಿತ್ತು. ಮಗಳ ಮುಖ ನೋಡಿದರು. ಆ ಮೂರು ದಿನ ಮಂಚದ ಮೇಲೆ ಗೋಡೆಯ ಕಡೆ ತಿರುಗಿ ಮಲಗಿದ್ದ ಹುಡುಗಿ ಇವಳೇ.

“ಸರಿಯಾಗೇ ಅರ್ಥ ಮಾಡ್ಕೊಂಡಿದ್ದೀಯ,” ಅಂದರು. “ತೆಗೆದಿಡು ಅಂದ್ರೆ ಕೊಟ್ಟುಬಿಡು ಅಂತಲೇ.”

ಲಾವಣ್ಯಾ ಮೂಗು ಒರೆಸಿಕೊಂಡು ಜೋರಾಗಿ ಉಸಿರು ಬಿಟ್ಟಳು. “ಥ್ಯಾಂಕ್ ಗಾಡ್. ನಾನು ಹೆದರಿಬಿಟ್ಟಿದ್ದೆ ಅಪ್ಪಾ.” ಎದ್ದು ಬಂದು ಅಪ್ಪನ ಭುಜಕ್ಕೆ ತಲೆಯಿಟ್ಟಳು. ಸಂಜೆಯ ಲಾರಿಯಲ್ಲಿ ಸಾಮಾನು ದ್ವಾರಕಾಕ್ಕೆ ಹೋಯಿತು.

ಹೊಸ ಮನೆಯಲ್ಲಿ ತಿಂಗಳಿಗೊಮ್ಮೆ ಲಾವಣ್ಯಾ ಹಳೆಯ ಪೇಪರ್, ಬಾಟಲಿ, ಒಡೆದ ಡಬ್ಬಗಳನ್ನು ಒಂದು ಚೀಲಕ್ಕೆ ತುಂಬಿ ಬಾಗಿಲ ಹತ್ತಿರ ಇಡುತ್ತಾಳೆ. ಆಫೀಸಿಗೆ ಹೊರಡುವಾಗ ಕನ್ನಡದಲ್ಲಿ, ತಪ್ಪಿಲ್ಲದೆ, ಹೆಮ್ಮೆಯಿಂದ ಹೇಳುತ್ತಾಳೆ: “ಅಪ್ಪಾ, ತೆಗೆದಿಟ್ಟಿದ್ದೀನಿ.” ಗೋಪಿನಾಥರು ತಿದ್ದುವುದಿಲ್ಲ. ಹೂಂ ಅಂದು, ಚೀಲ ಎತ್ತಿಕೊಂಡು ಹೋಗಿ ಕಬಾಡಿಯವನಿಗೆ ಕೊಟ್ಟು ಬರುತ್ತಾರೆ.